ಸಹಕಾರಿ ಬ್ಯಾಂಕುಗಳ ಸೈಬರ್ ಸುರಕ್ಷತೆ: ಖರೀದಿಯ ನಂತರದ ಕೆಲಸ ಯಾರದು?

ಮಾನ್ಯ ಸಂಪಾದಕರೇ,

ಪಟ್ಟಣ ಸಹಕಾರಿ ಬ್ಯಾಂಕುಗಳು ಮಾಹಿತಿ ಸುರಕ್ಷತೆಗೆ ದುಡ್ಡು ಹಾಕುವುದಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಪೂರ್ತಿ ನಿಜವಲ್ಲ. ದುಡ್ಡು ಹಾಕುತ್ತಿವೆ, ಆದರೆ ಕೊಂಡದ್ದರಲ್ಲಿ ಬಹಳಷ್ಟು ಅರ್ಧಕ್ಕೇ ನಿಂತಿದೆ. ಸಾಫ್ಟ್‌ವೇರ್ ಬಂದು, ಬಿಲ್ಲು ಪಾಸಾಗಿ, ಆಡಿಟ್ ಪಟ್ಟಿಯಲ್ಲಿ ಟಿಕ್ ಬಿದ್ದ ಮೇಲೆ ಅದನ್ನು ನಿಜಕ್ಕೂ ಚಾಲನೆಗೆ ತರುವ ತಿಂಗಳುಗಟ್ಟಲೆ ದುಡಿಮೆ ಇರುತ್ತದೆ. ಆ ದುಡಿಮೆಯ ಹೊಣೆ ಯಾರ ಹೆಸರಿನಲ್ಲೂ ಇಲ್ಲ, ಬಜೆಟ್ಟಿನಲ್ಲಿ ಅದಕ್ಕೊಂದು ಸಾಲೂ ಇಲ್ಲ. ಜನರ ಠೇವಣಿ ಕಾಯುವ ಸಂಸ್ಥೆಗಳಲ್ಲಿ ಇದು ಹೀಗೇ ಮುಂದುವರಿಯಬಾರದೆಂದು ಈ ಪತ್ರ ಬರೆಯುತ್ತಿದ್ದೇವೆ.

ರಿಸರ್ವ್ ಬ್ಯಾಂಕ್ ಈ ಬ್ಯಾಂಕುಗಳಿಗೆ 2018ರ ಅಕ್ಟೋಬರ್‌ನಲ್ಲಿ ಕನಿಷ್ಠ ಸೈಬರ್ ಸುರಕ್ಷತಾ ಚೌಕಟ್ಟು ಕೊಟ್ಟಿತು. 2019ರ ಡಿಸೆಂಬರ್ 31ರ ಸುತ್ತೋಲೆಯಲ್ಲಿ, ಬ್ಯಾಂಕು ಎಷ್ಟರ ಮಟ್ಟಿಗೆ ಡಿಜಿಟಲ್ ಸೇವೆ ಕೊಡುತ್ತದೆ ಎಂಬುದರ ಮೇಲೆ ನಾಲ್ಕು ಹಂತಗಳನ್ನು ಮಾಡಿತು. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಎಟಿಎಂ ಮತ್ತು ಸ್ವಿಫ್ಟ್ (ಬ್ಯಾಂಕುಗಳ ಅಂತರರಾಷ್ಟ್ರೀಯ ಪಾವತಿ ಸಂದೇಶ ಜಾಲ) ಮೂಲಕ ಸುಮಾರು 94 ಕೋಟಿ ರೂಪಾಯಿ ಹೋದದ್ದು ಎಲ್ಲರನ್ನೂ ಎಚ್ಚರಿಸಿತ್ತು. 2024ರ ಜುಲೈ ಕೊನೆಗೆ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಸೇವಾ ಸಂಸ್ಥೆಗೆ ರಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ತಗುಲಿದಾಗ, ಯುಪಿಐ ನಡೆಸುವ ಎನ್‌ಪಿಸಿಐ ಅದನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ಅದನ್ನೇ ನೆಚ್ಚಿಕೊಂಡಿದ್ದ ಸುಮಾರು ಮುನ್ನೂರು ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಎರಡೂ ಕೈಕೊಟ್ಟವು. ಹಾಗಾಗಿ ಆಡಳಿತ ಮಂಡಳಿಗಳಿಗೆ ಭಯವಿದೆ, ಭಯದಿಂದ ಖರೀದಿಯೂ ಆಗುತ್ತಿದೆ. ಖರೀದಿಯ ಮುಂದಿನ ಹೆಜ್ಜೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಸ್ಪಷ್ಟವಾದ ಉದಾಹರಣೆ ಮಾತ್ರ ಬೇರೆ ದೇಶದ್ದು, ಬೇರೆ ಕ್ಷೇತ್ರದ್ದು.

ಐರ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎಚ್‌ಎಸ್‌ಇ. 2021ರ ಮಾರ್ಚ್ 18ರಂದು ಅಲ್ಲಿನ ಒಬ್ಬ ನೌಕರರು ಇ-ಮೇಲ್‌ನಲ್ಲಿ ಬಂದ ಎಕ್ಸೆಲ್ ಕಡತ ತೆರೆದರು. ಮಾರ್ಚ್ 31ರಂದು ಅದೇ ಕಂಪ್ಯೂಟರಿನ ಆಂಟಿವೈರಸ್, ದಾಳಿಕೋರರು ಬಳಸುವ ಎರಡು ಉಪಕರಣಗಳನ್ನು ಸರಿಯಾಗಿಯೇ ಪತ್ತೆಮಾಡಿತು. ಆದರೆ ಅದನ್ನು ಬರೀ ಗಮನಿಸುವ ಮೋಡ್‌ನಲ್ಲಿ ಇಟ್ಟಿದ್ದರು, ತಡೆಯುವ ಮೋಡ್‌ನಲ್ಲಿ ಇಟ್ಟಿರಲಿಲ್ಲ. ಮೇ 14ರ ನಸುಕಿನಲ್ಲಿ ರಾನ್ಸಮ್‌ವೇರ್ ಸಿಡಿದು ದೇಶದ ಬಹಳಷ್ಟು ಆಸ್ಪತ್ರೆಗಳು ಕಾಗದ-ಪೆನ್ನಿಗೆ ಮರಳಿದವು. ಬೀಗ ಬಿಡಿಸುವ ಕೀಲಿಯನ್ನು ದಾಳಿಕೋರರೇ ಬಿಟ್ಟಿ ಕೊಟ್ಟರೂ ವ್ಯವಸ್ಥೆ ಪೂರ್ತಿ ಸರಿಹೋಗಲು ಸೆಪ್ಟೆಂಬರ್ ಬಂತು. ಸಾಫ್ಟ್‌ವೇರ್ ಇತ್ತು, ಲೈಸೆನ್ಸ್ ಇತ್ತು, ಎಚ್ಚರಿಕೆಯೂ ಬಂದಿತ್ತು. ನಡುವೆ ಒಂದೂವರೆ ತಿಂಗಳ ಸಮಯವೂ ಇತ್ತು.

ಇಂದು ನಮ್ಮ ಬ್ಯಾಂಕುಗಳು ಹಳೆಯ ಆಂಟಿವೈರಸ್ ಬಿಟ್ಟು ಕೊಳ್ಳುತ್ತಿರುವ ಇಡಿಆರ್ (ಯಂತ್ರದ ನಡವಳಿಕೆ ನೋಡಿ ದಾಳಿ ಪತ್ತೆಮಾಡುವ ಸಾಫ್ಟ್‌ವೇರ್) ಕೂಡ ಇಂಥದ್ದೇ ಎರಡು ಮೋಡ್‌ಗಳೊಂದಿಗೆ ಬರುತ್ತದೆ. ಪರೀಕ್ಷೆ ಮುಗಿಯುವವರೆಗೆ ಎಂದು ಗಮನಿಸುವ ಮೋಡ್‌ನಲ್ಲಿ ಶುರುಮಾಡುತ್ತಾರೆ, ಮೂರು ವರ್ಷದ ಲೈಸೆನ್ಸ್ ಮುಗಿದರೂ ಅದು ಅಲ್ಲೇ ಇರುತ್ತದೆ. ಇದನ್ನು ಸೋಮಾರಿತನ ಎಂದು ತಳ್ಳಿಹಾಕುವುದು ಅನ್ಯಾಯ. ತಡೆಯುವ ಮೋಡ್ ಹಾಕಿದ ಮರುದಿನ ಯಾವುದಾದರೂ ಶಾಖೆಯಲ್ಲಿ ಡೇ-ಎಂಡ್ (ದಿನದ ಲೆಕ್ಕ ಮುಗಿಸುವ ಕೆಲಸ) ನಿಂತರೆ ಬೈಗುಳ ತಿನ್ನುವವರು ಐಟಿ ವಿಭಾಗದ ಒಬ್ಬರೋ ಇಬ್ಬರೋ. ಮೋಡ್ ಬದಲಿಸದಿದ್ದರೆ ಯಾರೂ ಕೇಳುವುದಿಲ್ಲ. ಆದ್ದರಿಂದ ಯಾವ ದಿನಾಂಕಕ್ಕೆ ತಡೆಯುವ ಮೋಡ್‌ಗೆ ಹೋಗಬೇಕು ಎಂಬುದನ್ನು ಆಡಳಿತ ಮಂಡಳಿಯೇ ನಿರ್ಣಯದಲ್ಲಿ ಬರೆದು, ಅದರ ತೊಂದರೆಗೆ ತಾನೇ ಹೆಗಲು ಕೊಡಬೇಕು.

ಅಲ್ಲಿಗೆ ಹೋಗುವ ದಾರಿಯ ಮೊದಲ ಕೆಲಸ ಯಂತ್ರಗಳ ಲೆಕ್ಕ. ಹೆಚ್ಚಿನ ಬ್ಯಾಂಕುಗಳಲ್ಲಿ ನಾಲ್ಕು ಪಟ್ಟಿಗಳು ಸಿಗುತ್ತವೆ: ಆಸ್ತಿ ರಿಜಿಸ್ಟರಿನದು, ಎಎಂಸಿ (ವಾರ್ಷಿಕ ನಿರ್ವಹಣಾ ಕರಾರು) ವೆಂಡರ್‌ನದು, ಹಳೆಯ ಆಂಟಿವೈರಸ್ ಕನ್ಸೋಲಿನದು (ನಿಯಂತ್ರಣ ಪರದೆ), ನೆಟ್‌ವರ್ಕ್ ಸಾಧನಗಳು ಐಪಿ ವಿಳಾಸ ಹಂಚಿದ್ದರದು. ನಾಲ್ಕೂ ತಾಳೆಯಾಗುವುದಿಲ್ಲ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಯಂತ್ರಗಳನ್ನೇ ಒಂದೊಂದಾಗಿ ಹುಡುಕಬೇಕು. ಅಂಥವೇ ಸಾಮಾನ್ಯವಾಗಿ ಪಾಸ್‌ಬುಕ್ ಪ್ರಿಂಟರಿಗೆ ಕಟ್ಟಿಹಾಕಿದ ವಿಂಡೋಸ್ 7 ಯಂತ್ರ, ಸಿಸಿಟಿವಿ ರೆಕಾರ್ಡರ್, ಮುಚ್ಚಿದ ವಿಸ್ತರಣಾ ಕೌಂಟರಿನ ಸರ್ವರ್. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿಗೇ ನಿಂತಿದೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹೊಸ ಏಜೆಂಟ್ (ಪ್ರತಿ ಯಂತ್ರದಲ್ಲೂ ಕೂರಿಸುವ ಇಡಿಆರ್‌ನ ಭಾಗ) ಹಿಡಿಸದ ಯಂತ್ರವನ್ನು ಹಾಗೇ ಬಿಡಬಾರದು. ಅದನ್ನು ಪ್ರತ್ಯೇಕ ವಿಎಲ್‌ಎಎನ್‌ಗೆ (ನೆಟ್‌ವರ್ಕಿನ ಬೇರ್ಪಟ್ಟ ಭಾಗಕ್ಕೆ) ಹಾಕಿ, ಇಂಟರ್ನೆಟ್ ಕಿತ್ತು, ಸಿಬಿಎಸ್ (ಖಾತೆ-ವ್ಯವಹಾರಗಳೆಲ್ಲ ನಡೆಯುವ ಬ್ಯಾಂಕಿನ ಮುಖ್ಯ ಸಾಫ್ಟ್‌ವೇರ್) ಸರ್ವರಿನ ಅಗತ್ಯ ಪೋರ್ಟ್ ಬಿಟ್ಟು ಬೇರಾವುದಕ್ಕೂ ತಲುಪದಂತೆ ಮಾಡಬೇಕು.

ಪ್ರಯೋಗಕ್ಕೆ ಪ್ರಧಾನ ಕಚೇರಿಯ ಐಟಿ ಕೊಠಡಿಯ ನಾಲ್ಕು ಕಂಪ್ಯೂಟರ್ ಸಾಲದು. ಒಂದು ದೊಡ್ಡ ಶಾಖೆ, ಒಂದು ಸಣ್ಣ ಶಾಖೆ ಬೇಕು, ನಡುವೆ ಒಂದು ತಿಂಗಳ ಕೊನೆಯಾದರೂ ಬರಬೇಕು. ಬಡ್ಡಿ ಜಮೆ ಮಾಡುವ ಬ್ಯಾಚ್ ಪ್ರೋಗ್ರಾಂಗಳು, ಎನ್‌ಪಿಎ ವರದಿ ತೆಗೆಯುವ ಸ್ಕ್ರಿಪ್ಟುಗಳು ಓಡುವುದೇ ಆಗ. ಇವುಗಳಿಗೆ ಸಾಮಾನ್ಯವಾಗಿ ತಯಾರಕರು ಯಾರೆಂದು ಸಾಬೀತುಮಾಡುವ ಡಿಜಿಟಲ್ ಸಹಿ ಇರುವುದಿಲ್ಲ, ಒಂದೇ ಉಸಿರಿಗೆ ನೂರಾರು ಕಡತ ತೆರೆದು ಬರೆಯುತ್ತವೆ. ರಾನ್ಸಮ್‌ವೇರ್ ಮಾಡುವುದೂ ಹಾಗೆಯೇ, ಆದ್ದರಿಂದ ಇಡಿಆರ್ ಅನುಮಾನಿಸುವುದು ಸಹಜ. ಈ ಹಂತದಲ್ಲಿ ಸಾಫ್ಟ್‌ವೇರ್ ವೆಂಡರ್‌ನಿಂದ ಒಂದು ಸಲಹೆ ಬಂದೇ ಬರುತ್ತದೆ: ‘ನಮ್ಮ ಫೋಲ್ಡರ್ ಪೂರ್ತಿ ಎಕ್ಸ್‌ಕ್ಲೂಡ್ ಮಾಡಿಬಿಡಿ ಸರ್.’ ಅಂದರೆ, ಅದನ್ನು ಇಡಿಆರ್ ತಪಾಸಣೆಯಿಂದ ಹೊರಗಿಡಿ ಎಂದು. ಕೆಲವೊಮ್ಮೆ ಅದು ಇಡೀ ಡಿ ಡ್ರೈವ್. ಇದನ್ನು ಒಪ್ಪಬಾರದು. ಆ ಫೋಲ್ಡರಿಗೆ ಶಾಖೆಯ ಎಲ್ಲ ಯೂಸರ್‌ಗಳೂ ಬರೆಯಬಲ್ಲರು, ಹಾಗಾಗಿ ಒಳಬಂದವನು ತನ್ನ ಪ್ರೋಗ್ರಾಂ ತಂದಿಡುವುದೂ ಅಲ್ಲೇ. ವಿನಾಯಿತಿ ಕೊಡುವುದಾದರೆ ಆಯಾ ಪ್ರೋಗ್ರಾಂನ ಹ್ಯಾಶ್ ಮೌಲ್ಯಕ್ಕೋ (ಕಡತದ ಬೆರಳಚ್ಚಿನಂಥ ಸಂಖ್ಯೆ) ವೆಂಡರ್‌ನ ಸಹಿಗೋ ಕೊಡಬೇಕು. ಹ್ಯಾಶ್ ಪ್ರತಿ ಹೊಸ ಆವೃತ್ತಿಗೂ ಬದಲಾಗುತ್ತದೆ, ಆದ್ದರಿಂದ ಅಪ್‌ಡೇಟ್ ಜೊತೆಗೆ ಹ್ಯಾಶ್ ಪಟ್ಟಿ ಕೊಡುವುದು ವೆಂಡರ್‌ನ ಕರ್ತವ್ಯವೆಂದು ಎಎಂಸಿ ಕರಾರಿನಲ್ಲೇ ಬರೆಯಬೇಕು. ಕರಾರಿಗೆ ಸಹಿ ಬಿದ್ದ ಮೇಲೆ ಕೇಳಿದರೆ ಸಿಗುವುದಿಲ್ಲ.

ತಡೆಯುವ ಮೋಡ್‌ಗೆ ಹೋಗುವಾಗ ಮೊದಲು ಹತ್ತು ಯಂತ್ರ, ಆಮೇಲೆ ಒಂದು ಶಾಖೆ, ಆಮೇಲೆ ಉಳಿದವು, ಕಟ್ಟಕಡೆಗೆ ಸರ್ವರ್‌ಗಳು. ಸರ್ವರ್ ಸರದಿಯನ್ನು ರಜೆಯ ಶನಿವಾರಕ್ಕೆ ಇಟ್ಟುಕೊಂಡರೆ ಹಿಂದೆ ಸರಿಯಲು ಭಾನುವಾರ ಸಿಗುತ್ತದೆ. ಏಜೆಂಟು ಯಂತ್ರದ ಒಳಪದರದಲ್ಲಿ ಕೂರುವ ಸಾಫ್ಟ್‌ವೇರ್ ಎಂಬುದನ್ನೂ ಮರೆಯಬಾರದು. 2024ರ ಜುಲೈ 19ರಂದು ಇಡಿಆರ್ ತಯಾರಕ ಕ್ರೌಡ್‌ಸ್ಟ್ರೈಕ್‌ನ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಏಳದೆ ನೀಲಿ ಪರದೆಯಲ್ಲಿ ನಿಂತವು. ಅಂಥ ಹೊತ್ತಿನಲ್ಲಿ ಪ್ರತಿ ಯಂತ್ರದ ಮುಂದೆ ಕೂತು ಬಿಟ್‌ಲಾಕರ್‌ನ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) 48 ಅಂಕಿಗಳ ರಿಕವರಿ ಕೀ ಒತ್ತಬೇಕಾಗುತ್ತದೆ. ಆ ಕೀಗಳು ಮಲಗಿರುವ ಸರ್ವರಿನೊಳಗೇ ಇದ್ದರೆ ಪ್ರಯೋಜನವಿಲ್ಲ. ಮುದ್ರಿಸಿ ಲಾಕರಿನಲ್ಲಿಡುವುದು ಹಳೆಯ ಪದ್ಧತಿ ಅನಿಸಬಹುದು, ಆದರೆ ಅದೇ ಸರಿ.

ಇಷ್ಟೆಲ್ಲ ಆದ ಮೇಲೂ, ರಾತ್ರಿ ಎರಡು ಗಂಟೆಗೆ ಬರುವ ಎಚ್ಚರಿಕೆಯನ್ನು ಯಾರು ನೋಡುತ್ತಾರೆ? ಇಪ್ಪತ್ತು ಶಾಖೆಯ ಬ್ಯಾಂಕು ಮೂರು ಪಾಳಿಯ ಸಿಬ್ಬಂದಿ ಇಟ್ಟುಕೊಳ್ಳಲಾರದು. ಹೊರಗಿನ ನಿಗಾ ಕೇಂದ್ರವನ್ನು ನೇಮಿಸಿಕೊಂಡರೆ, ಅನುಮಾನ ಬಂದ ಯಂತ್ರವನ್ನು ಯಾರನ್ನೂ ಎಬ್ಬಿಸದೆ ನೆಟ್‌ವರ್ಕಿನಿಂದ ಬೇರ್ಪಡಿಸುವ ಅಧಿಕಾರವನ್ನು ಅದಕ್ಕೆ ಬರಹದಲ್ಲಿ ಕೊಡಬೇಕು. ಸಿಬಿಎಸ್ ಸರ್ವರ್ ಮಾತ್ರ ಅಪವಾದ. ಅದಕ್ಕೆ ಫೋನ್ ಕರೆ, ಇಬ್ಬರ ಹೆಸರು, ಎರಡು ನಂಬರು.

ಇನ್ನು ಎರಡು ಹಂತದ ದೃಢೀಕರಣ. ಸಿಬಿಎಸ್‌ಗೆ ಲಾಗಿನ್ ಆಗಲು ಪಾಸ್‌ವರ್ಡ್ ಜೊತೆಗೆ ಪ್ರತಿ ಸಲ ಬದಲಾಗುವ ಎರಡನೇ ಅಂಶ ಬೇಕೆಂದು ರಿಸರ್ವ್ ಬ್ಯಾಂಕ್, ಆ ನಾಲ್ಕು ಹಂತಗಳಲ್ಲಿ ಅತಿ ಕಡಿಮೆ ಡಿಜಿಟಲ್ ಸೇವೆ ಕೊಡುವ ಮೊದಲ ಹಂತದ ಬ್ಯಾಂಕುಗಳಿಗೂ ಹೇಳಿದೆ. ತಂತ್ರಜ್ಞಾನದ ಮಟ್ಟಿಗೆ ಇದು ಸುಲಭ, ಕಷ್ಟವಿರುವುದು ಕೌಂಟರಿನಲ್ಲಿ. ಕ್ಯಾಷಿಯರ್ ರಜೆ ಹಾಕಿದ ದಿನ ಅವರ ಐಡಿಯಲ್ಲಿ ಪಕ್ಕದ ಗುಮಾಸ್ತರು ಕೂರುತ್ತಾರೆ. ಒಟಿಪಿ ಬಂದ ಮೇಲೆ ಈ ಅಭ್ಯಾಸ ನಿಲ್ಲುತ್ತದೆ ಎಂದುಕೊಂಡರೆ ತಪ್ಪು, ಅದಕ್ಕೊಂದು ಫೋನ್ ಕರೆ ಸೇರಿಕೊಳ್ಳುತ್ತದೆ: ‘ಅಣ್ಣಾ, ಒಂದು ಒಟಿಪಿ ಬಂದಿರ್ತದೆ ನೋಡಿ, ಸ್ವಲ್ಪ ಹೇಳಿ.’ ಎರಡನೇ ಅಂಶ ಫೋನಿನಲ್ಲಿ ಹೇಳಿಬಿಡುವ ಸಂಖ್ಯೆಯಾಯಿತು, ಸಿಬ್ಬಂದಿಗೆ ಒಟಿಪಿ ಹೇಳುವ ಅಭ್ಯಾಸವೂ ಆಯಿತು. ನಾಳೆ ವಂಚಕ ‘ಹೆಡ್ ಆಫೀಸಿನಿಂದ’ ಎಂದು ಕರೆಮಾಡಿದಾಗಲೂ ಅದೇ ಅಭ್ಯಾಸ ಉತ್ತರ ಕೊಡುತ್ತದೆ. ಸಿಬ್ಬಂದಿಯನ್ನು ಗದರಿಸಿ ಇದನ್ನು ನಿಲ್ಲಿಸಲಾಗದು, ಕೌಂಟರಿನ ಮುಂದೆ ಜನ ನಿಂತಿರುತ್ತಾರೆ. ರಜೆಯ ದಿನ ಇನ್ನೊಬ್ಬರಿಗೆ ಅವರದೇ ಐಡಿಯಲ್ಲಿ ಕ್ಯಾಷಿಯರ್ ಅಧಿಕಾರವನ್ನು ಆ ದಿನದ ಮಟ್ಟಿಗೆ ಕೊಡುವ ವ್ಯವಸ್ಥೆ ಸಿಬಿಎಸ್‌ನಲ್ಲಿ ಇರಬೇಕು. ಮ್ಯಾನೇಜರ್ ಅದನ್ನು ಐದು ನಿಮಿಷದಲ್ಲಿ ಮಾಡುವಂತಿರಬೇಕು, ಸಂಜೆ ಅದು ತಾನೇ ರದ್ದಾಗಬೇಕು. ಇದನ್ನು ಸರಿಮಾಡದೆ ಒಟಿಪಿ ತರಬೇಡಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ನೆಟ್‌ವರ್ಕ್ ಸಿಗದ ಶಾಖೆಗಳಲ್ಲಿ ಎಸ್‌ಎಂಎಸ್ ಒಟಿಪಿ ಒದಗುವುದಿಲ್ಲ. ಆ್ಯಪ್‌ನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿ ಕೋಡ್‌ಗೆ ನೆಟ್‌ವರ್ಕ್ ಬೇಡ, ಆದರೆ ಎರಡೂ ಕಡೆಯ ಗಡಿಯಾರ ಸರಿಯಿರಬೇಕು. ಸರ್ವರಿನ ಗಡಿಯಾರ ಎರಡು-ಮೂರು ನಿಮಿಷ ಹಿಂದೆ ಬಿದ್ದರೆ ಒಂದು ಬೆಳಿಗ್ಗೆ ಎಲ್ಲ ಶಾಖೆಗಳ ಎಲ್ಲರ ಕೋಡೂ ತಪ್ಪೆಂದು ತೋರಿಸುತ್ತದೆ. ಆಗ ಗಾಬರಿಯಿಂದ ದೃಢೀಕರಣವನ್ನೇ ತೆಗೆದುಹಾಕುತ್ತಾರೆ, ತೆಗೆದದ್ದನ್ನು ಮತ್ತೆ ಹಾಕುವುದಿಲ್ಲ. ಕೇಂದ್ರ ಸರ್ಕಾರದ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯ ಸರ್ವರಿಗೆ ಗಡಿಯಾರ ಹೊಂದಿಸಬೇಕೆಂಬ, ದೇಶದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನವನ್ನು ಹಲವರು ಬರೀ ಔಪಚಾರಿಕತೆ ಎಂದುಕೊಂಡಿದ್ದಾರೆ. ಅದರ ಬೆಲೆ ತಿಳಿಯುವುದು ಇಂಥ ಬೆಳಿಗ್ಗೆಯೇ.

ಅಡ್ಮಿನ್ ಅಧಿಕಾರ ಇರುವವರಿಗೆ ಮಾತ್ರ ಕೋಡ್ ಸಾಲದು. ನಕಲಿ ಲಾಗಿನ್ ಪುಟ ಆ ಕೋಡನ್ನು ಪಡೆದು ಆ ಕ್ಷಣವೇ ಅಸಲಿ ಪುಟಕ್ಕೆ ಒತ್ತಬಲ್ಲದು. ಯುಎಸ್‌ಬಿ ಮಾದರಿಯ ಫಿಡೋ ಕೀಲಿ ಅಸಲಿ ವಿಳಾಸಕ್ಕಲ್ಲದೆ ಬೇರೆಯದಕ್ಕೆ ಉತ್ತರಿಸುವುದೇ ಇಲ್ಲ. ಒಂದು ಸಹಕಾರಿ ಬ್ಯಾಂಕಿನಲ್ಲಿ ವೆಂಡರ್ ಎಂಜಿನಿಯರ್‌ಗಳೂ ಸೇರಿ ಅಂಥವರು ಹತ್ತು ಮಂದಿ ಇದ್ದಾರು. ಒಬ್ಬರಿಗೆ ಎರಡರಂತೆ ಇಪ್ಪತ್ತು ಕೀಲಿ, ಒಂದಕ್ಕೆ ಕೆಲವು ಸಾವಿರ ರೂಪಾಯಿ. ಎರಡನೆಯದು ಕೊಡದಿದ್ದರೆ ಮೊದಲನೆಯದು ಕಳೆದ ದಿನ ವಿನಾಯಿತಿ ಕೊಡಬೇಕಾಗುತ್ತದೆ.

ಈ ವಿನಾಯಿತಿಗಳೇ ಕೊನೆಗೆ ಬಾಗಿಲು ತೆರೆಯುತ್ತವೆ. ಅಮೆರಿಕದ ಇಂಧನ ಸಾಗಣೆ ಕಂಪನಿ ಕಲೋನಿಯಲ್ ಪೈಪ್‌ಲೈನ್‌ಗೆ 2021ರಲ್ಲಿ ದಾಳಿಕೋರರು ನುಗ್ಗಿದ್ದು ಬಳಕೆ ತಪ್ಪಿದ ಹಳೆಯ ವಿಪಿಎನ್ (ಹೊರಗಿನಿಂದ ಒಳಜಾಲಕ್ಕೆ ಸೇರುವ ದಾರಿ) ಖಾತೆಯಿಂದ, ಅದಕ್ಕೆ ಎರಡನೇ ಹಂತ ಇರಲಿಲ್ಲ. 2024ರ ಫೆಬ್ರುವರಿಯಲ್ಲಿ ಅಲ್ಲಿನ ಆರೋಗ್ಯ ಬಿಲ್ ಪಾವತಿ ಸಂಸ್ಥೆ ಚೇಂಜ್ ಹೆಲ್ತ್‌ಕೇರ್‌ಗೆ ನುಗ್ಗಿದ್ದು ಅದೇ ರೀತಿ ಬಿಟ್ಟುಹೋಗಿದ್ದ ಒಂದು ರಿಮೋಟ್ ಪೋರ್ಟಲಿನಿಂದ. ಬೇರೆಡೆ ಹಾಕಿದ್ದ ಎರಡನೇ ಹಂತ ಈ ಎರಡೂ ಕಡೆ ಉಪಯೋಗಕ್ಕೆ ಬರಲಿಲ್ಲ. ನಮ್ಮಲ್ಲಿ ಹಾಗೆ ಉಳಿಯುವುದು ವೆಂಡರ್‌ನ ವಿಪಿಎನ್ ಐಡಿ, ಸ್ಕ್ಯಾನರ್ ಮೇಲ್ ಕಳಿಸಲು ಮಾಡಿದ ಖಾತೆ, ಬ್ಯಾಕಪ್ ಸಾಫ್ಟ್‌ವೇರಿನ ಖಾತೆ, ನಿವೃತ್ತರಾದ ಜಿಎಂ ಅವರ ಮೇಲ್. ಪ್ರತಿ ವಿನಾಯಿತಿಗೂ ಒಬ್ಬ ವ್ಯಕ್ತಿಯ ಹೆಸರು ಮತ್ತು ಮುಗಿಯುವ ದಿನಾಂಕ ಇರಬೇಕು, 90 ದಿನಕ್ಕಿಂತ ಹೆಚ್ಚು ಬೇಡ. ಮೇಲ್ ವ್ಯವಸ್ಥೆಯಲ್ಲಿ ಪಾಪ್, ಐಮ್ಯಾಪ್ ಎಂಬ ಮೇಲ್ ತರಿಸಿಕೊಳ್ಳುವ ಹಳೆಯ ವಿಧಾನಗಳ ಬರೀ ಪಾಸ್‌ವರ್ಡ್ ಲಾಗಿನ್ ಮುಚ್ಚದಿದ್ದರೆ ಎರಡನೇ ಹಂತ ಇದ್ದೂ ಇಲ್ಲದಂತೆ. ಇಡೀ ವ್ಯವಸ್ಥೆ ಕೈಕೊಟ್ಟ ದಿನಕ್ಕೆಂದು ಎರಡು ತುರ್ತು ಅಡ್ಮಿನ್ ಖಾತೆಗಳನ್ನು ಮಾಡಿ, ಪಾಸ್‌ವರ್ಡನ್ನು ಮೊಹರು ಹಾಕಿದ ಲಕೋಟೆಯಲ್ಲಿ, ನಗದಿನಂತೆ ಇಬ್ಬರ ಜಂಟಿ ಕೀಲಿಯ ತಿಜೋರಿಯಲ್ಲಿ ಇಡಬೇಕು. ಅದರಿಂದ ಲಾಗಿನ್ ಆದೊಡನೆ ಸಿಇಒ ಫೋನಿಗೆ ಸಂದೇಶ ಹೋಗಬೇಕು.

ಇ-ಮೇಲ್ ವಿಷಯಕ್ಕೆ ಬಂದರೆ, ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕ್ ಡಾಟ್ ಇನ್ ಡೊಮೇನ್‌ಗೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತ್ತು. ರಿಸರ್ವ್ ಬ್ಯಾಂಕ್ ಸ್ಥಾಪಿಸಿದ ಐಡಿಆರ್‌ಬಿಟಿ ಒಂದೇ ಅದರ ನೋಂದಣಿದಾರ. ಗ್ರಾಹಕರಿಗೆ ಅಸಲಿ-ನಕಲಿ ಗುರುತಿಸಲು ಇದು ಒಳ್ಳೆಯ ಕ್ರಮ. ಹೊಸ ಡೊಮೇನ್ ಪಡೆದ ಉತ್ಸಾಹದಲ್ಲಿ ಹಳೆಯದನ್ನು ನವೀಕರಿಸದೆ ಬಿಡುವುದು ಮಾತ್ರ ಅಪಾಯಕಾರಿ. ಹಳೆಯ ಹೆಸರನ್ನು ಬೇರೆಯವರು ಕೊಂಡರೆ ಗ್ರಾಹಕರ ಮೇಲ್‌ಗಳೂ, ಹಳೆಯ ವಿಳಾಸಕ್ಕೆ ಜೋಡಿಸಿದ ಎಷ್ಟೋ ಖಾತೆಗಳ ಪಾಸ್‌ವರ್ಡ್ ರೀಸೆಟ್ ಕೊಂಡಿಗಳೂ ಅವರಿಗೇ ಹೋಗುತ್ತವೆ. ಅದನ್ನು ವರ್ಷ ವರ್ಷವೂ ನವೀಕರಿಸುತ್ತಲೇ ಇರಬೇಕು, ಅದರ ಹೆಸರಿನಲ್ಲಿ ಯಾರೂ ಮೇಲ್ ಕಳಿಸಲಾಗದಂತೆ ಡಿಮಾರ್ಕ್ (ನಕಲಿ ಮೇಲನ್ನು ಏನು ಮಾಡಬೇಕೆಂದು ಪಡೆಯುವವರಿಗೆ ಹೇಳುವ ಡೊಮೇನ್ ನಿಯಮ) ‘ರಿಜೆಕ್ಟ್’ ಹಾಕಿಡಬೇಕು.

ಹೊಸ ಡೊಮೇನಿನಲ್ಲೂ ಡಿಮಾರ್ಕ್‌ನ ಕಥೆ ಇಡಿಆರ್‌ನದೇ. ‘ನನ್’ ಎಂಬ ಸ್ಥಿತಿಯಲ್ಲಿ ಶುರುಮಾಡುತ್ತಾರೆ, ಅದು ವರದಿ ತರಿಸುತ್ತದೆ, ನಕಲಿ ಮೇಲನ್ನು ತಡೆಯುವುದಿಲ್ಲ. ದಿನಕ್ಕೊಮ್ಮೆ ಬರುವ ಆ ವರದಿಗಳು ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಬೀಳುತ್ತವೆ. ಅವುಗಳನ್ನು ಆರೆಂಟು ವಾರ ಓದಿದರೆ ಬ್ಯಾಂಕಿನ ಹೆಸರಿನಲ್ಲಿ ಯಾರ್‍ಯಾರು ಮೇಲ್ ಕಳಿಸುತ್ತಿದ್ದಾರೆ ಎಂದು ಗೊತ್ತಾಗುತ್ತದೆ: ಸ್ಟೇಟ್‌ಮೆಂಟ್ ಕಳಿಸುವ ಏಜೆನ್ಸಿ, ಸಂಬಳದ ಸಾಫ್ಟ್‌ವೇರ್, ವೆಬ್‌ಸೈಟಿನ ದೂರು ಫಾರಂ. ಇವರನ್ನೆಲ್ಲ ಎಸ್‌ಪಿಎಫ್ ಪಟ್ಟಿಗೆ (ಬ್ಯಾಂಕಿನ ಹೆಸರಿನಲ್ಲಿ ಮೇಲ್ ಕಳಿಸಬಲ್ಲ ಸರ್ವರ್‌ಗಳ ಪಟ್ಟಿ) ಸೇರಿಸುತ್ತಾ ಹೋದರೆ ಹತ್ತು ಡಿಎನ್‌ಎಸ್ (ಡೊಮೇನ್‌ಗಳ ವಿಳಾಸಪುಸ್ತಕ) ಹುಡುಕಾಟಗಳ ಮಿತಿ ದಾಟಿ ಇಡೀ ಪಟ್ಟಿಯೇ ಅಮಾನ್ಯವಾಗುತ್ತದೆ. ಬಿಟ್ಟುಹೋದ ಏಜೆನ್ಸಿಗಳನ್ನು ತೆಗೆಯಬೇಕು, ಇರುವವರಿಗೆ ಡಿಕಿಮ್ ಸಹಿ (ಮೇಲ್ ಅಸಲಿ ಎಂದು ತೋರಿಸುವ ಡಿಜಿಟಲ್ ಸಹಿ) ಹಾಕಿಸಬೇಕು. 2048 ಬಿಟ್‌ಗಳ ಡಿಕಿಮ್ ಕೀ ಸುಮಾರು ನಾನ್ನೂರು ಅಕ್ಷರ, ಡಿಎನ್‌ಎಸ್‌ನ ಒಂದು ತುಂಡಿಗೆ 255ರ ಮಿತಿ. ಎರಡು ತುಂಡು ಮಾಡದೆ ಅಂಟಿಸಿದರೆ ಕೆಲವು ಪ್ಯಾನೆಲ್‌ಗಳು ಬಾಲ ಕತ್ತರಿಸಿ, ದೋಷವನ್ನೂ ತೋರಿಸದೆ ಉಳಿಸಿಕೊಳ್ಳುತ್ತವೆ. ಅಸಲಿ ಮೇಲ್‌ಗಳೆಲ್ಲ ಪಾಸಾಗುತ್ತಿವೆ ಎಂದು ವರದಿ ತೋರಿಸಿದ ಮೇಲೆ ‘ಕ್ವಾರಂಟೈನ್’, ಆಮೇಲೆ ‘ರಿಜೆಕ್ಟ್’.

ಲಾಗ್‌ಗಳ (ಯಾವಾಗ ಏನು ನಡೆಯಿತೆಂದು ಯಂತ್ರಗಳು ಬರೆದಿಡುವ ದಾಖಲೆಗಳ) ಬಗ್ಗೆ ಒಂದು ಮಾತು. ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂಬುದು ಸರ್ಟ್-ಇನ್‌ನ ಅದೇ ನಿರ್ದೇಶನದಲ್ಲಿದೆ. ಶಾಖೆಯ ಫೈರ್‌ವಾಲ್‌ನಲ್ಲಿರುವ ಜಾಗ ಕೆಲವೇ ದಿನಗಳಿಗೆ ಸಾಕಾಗುತ್ತದೆ, ಇಡಿಆರ್‌ನ ಹಲವು ಲೈಸೆನ್ಸುಗಳಲ್ಲಿ ಮೂವತ್ತು ದಿನದ ದಾಖಲೆ ಮಾತ್ರ ಸಿಗುತ್ತದೆ. ಇಪ್ಪತ್ತು ಶಾಖೆ, ಶಾಖೆಗೆ ದಿನಕ್ಕೆ ಅರ್ಧ ಜಿಬಿ ಎಂದಿಟ್ಟುಕೊಂಡರೂ 180 ದಿನಕ್ಕೆ 1,800 ಜಿಬಿ. ಎರಡು ಟಿಬಿಗೂ ಕಡಿಮೆ ಜಾಗ, ಒಂದು ಸಾಧಾರಣ ಸರ್ವರ್. ಇಷ್ಟು ಅಗ್ಗದ ಕೆಲಸ ಬಾಕಿ ಉಳಿಯುವುದಕ್ಕೆ ಕಾರಣ ಟೆಂಡರಿನಲ್ಲಿ ಅದರ ಉಲ್ಲೇಖವೇ ಇಲ್ಲದಿರುವುದು.

ಟೆಂಡರ್ ಬರೆಯುವ ರೀತಿ ಬದಲಾದರೆ ಅರ್ಧ ಸಮಸ್ಯೆ ಅಲ್ಲೇ ಕಡಿಮೆಯಾಗುತ್ತದೆ. ಈಗ ಅದರಲ್ಲಿ ಉತ್ಪನ್ನದ ಗುಣಗಳ ಉದ್ದ ಪಟ್ಟಿ ಇರುತ್ತದೆ, ಪೂರೈಕೆಯಾದೊಡನೆ ಬಹುಪಾಲು ಹಣ ಹೋಗುತ್ತದೆ, ವೆಂಡರ್‌ನ ಆಸಕ್ತಿಯೂ ಅಲ್ಲಿಗೇ ಮುಗಿಯುತ್ತದೆ. ಅದರ ಬದಲು ಪೂರೈಕೆಗೆ ಶೇ 30, ತಾಳೆಹಾಕಿದ ಪಟ್ಟಿಯ ಶೇ 98ರಷ್ಟು ಯಂತ್ರಗಳು ಕನ್ಸೋಲಿನಲ್ಲಿ ಕಂಡಾಗ ಶೇ 30, ತಡೆಯುವ ಮೋಡ್‌ನಲ್ಲಿ ಒಂದು ತ್ರೈಮಾಸಿಕದ ಕೊನೆ ದಾಟಿದ ಮೇಲೆ ಉಳಿದ ಶೇ 40 ಎಂದು ಬರೆಯಲಿ. ಎಲ್-1 (ಟೆಂಡರಿನಲ್ಲಿ ಬಂದ ಅತಿ ಕಡಿಮೆ) ದರ ಸ್ವಲ್ಪ ಏರಬಹುದು. ಅದು ಈಗ ಯಾರೂ ಮಾಡದೆ ಉಳಿದಿರುವ ಕೆಲಸದ ಕೂಲಿ.

ಸಹಕಾರಿ ಬ್ಯಾಂಕಿನ ಸದಸ್ಯರಿಗೆ ವಾಣಿಜ್ಯ ಬ್ಯಾಂಕಿನ ಗ್ರಾಹಕರಿಗೆ ಇಲ್ಲದ ಒಂದು ಹಕ್ಕಿದೆ, ಅದು ವಾರ್ಷಿಕ ಮಹಾಸಭೆ. ಡಿವಿಡೆಂಡ್ ಎಷ್ಟು ಎಂದು ಕೇಳುವಾಗ ಇವನ್ನೂ ಲಿಖಿತವಾಗಿ ಕೇಳಬಹುದು. ಒಟ್ಟು ಯಂತ್ರಗಳೆಷ್ಟು, ತಡೆಯುವ ಮೋಡ್‌ನಲ್ಲಿ ಇರುವವೆಷ್ಟು? ಎರಡು ಹಂತದ ದೃಢೀಕರಣದಿಂದ ವಿನಾಯಿತಿ ಪಡೆದ ಖಾತೆಗಳೆಷ್ಟು? ಡಿಮಾರ್ಕ್ ಯಾವ ಸ್ಥಿತಿಯಲ್ಲಿದೆ? ಬ್ಯಾಕಪ್‌ನಿಂದ ಸಿಬಿಎಸ್ ಅನ್ನು ಖಾಲಿ ಸರ್ವರಿನ ಮೇಲೆ ಎಬ್ಬಿಸಿ ನೋಡಿದ್ದು ಕೊನೆಯ ಸಲ ಯಾವಾಗ, ಎಷ್ಟು ಗಂಟೆ ಹಿಡಿಯಿತು? ಇವುಗಳಿಗೆ ಸಂಖ್ಯೆ ಮತ್ತು ದಿನಾಂಕ ಕೊಟ್ಟರೆ ದಾಳಿಕೋರರಿಗೆ ಗುಟ್ಟು ಬಿಟ್ಟುಕೊಟ್ಟಂತಾಗುವುದಿಲ್ಲ. ಉತ್ಪನ್ನದ ಹೆಸರು, ಐಪಿ ವಿಳಾಸ ಯಾರಿಗೂ ಹೇಳಬೇಕಿಲ್ಲ. ‘ಎಲ್ಲವೂ ನಿಯಮದಂತೆ ಇದೆ’ ಎಂಬ ಉತ್ತರ ಮಾತ್ರ ಬಂದರೆ, ದಿನಾಂಕ ಕೊಟ್ಟಿಲ್ಲವೆಂದು ನಡಾವಳಿಯಲ್ಲಿ ದಾಖಲಿಸುವಂತೆ ಕೋರಬಹುದು.

ಇಂತಿ,
ಮಾಹಿತಿ ಸುರಕ್ಷತಾ ಲೆಕ್ಕಪರಿಶೋಧಕರ ಒಂದು ಗುಂಪು, ಹುಬ್ಬಳ್ಳಿ